ನಿಪ್ಪಾಣಿಗೆ ಬಂದ ಭುವನೇಶ್ವರಿ

ನಿಲ್ಲುವುದೂ ಒಂದು ಕೆಲಸ, ಅದಕ್ಕೂ ಪಗಾರ ಸಿಗುತ್ತದೆ ಎಂದು ಮಂಗಲ ಹೇಳಿದ ದಿನ ನಿಪ್ಪಾಣಿಯ ತಂಬಾಕು ವಖಾರದ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಅವರ ಪಾಲಿಗೆ ಕೆಲಸವೆಂದರೆ ಬೆಳಗಾಗುತ್ತಲೇ ಆ ಕಿಟಕಿಯಿಲ್ಲದ ಉಗ್ರಾಣ ಹೊಕ್ಕು, ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡು, ಒಣ ತಂಬಾಕು ಕುಟ್ಟಿ, ಜರಡಿ ಹಿಡಿದು, ಸಂಜೆ ಕೆಮ್ಮುತ್ತ ಮನೆ ಸೇರುವುದು. ಸುಮ್ಮನೆ ನಿಂತವಳಿಗೆ ಯಾರು ದುಡ್ಡು ಕೊಡುತ್ತಾರೆ?

"ನಮ್ಮನಿ ಎಮ್ಮಿನೂ ದಿನಾ ನಿಂತ ಇರತೈತೆವ್ವಾ, ಅದನ್ನೂ ಮುಂಬೈಗೆ ಕರಕೊಂಡ ಹೋಗು," ಎಂದಿದ್ದಳು ಸಕ್ಕುಬಾಯಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಂಗಲಳೇ.

ನಕ್ಕರೇನು, ನಿಲ್ಲುವ ಕಷ್ಟ ಅವಳಿಗೇ ಗೊತ್ತು. ಕಣ್ಣು ಕುಕ್ಕುವ ದೀಪಗಳ ಕೆಳಗೆ ಬೆವರದೆ ನಿಲ್ಲಬೇಕು. ಕತ್ತು ನೋಯುತ್ತಿದ್ದರೂ ಮುಖದಲ್ಲಿ ಹಬ್ಬ ಇರಬೇಕು. ಬ್ಲೌಸಿನ ಬೆನ್ನಿಗೆ ಚುಚ್ಚಿದ ಪಿನ್ನು ಚರ್ಮಕ್ಕೆ ಇಳಿಯುತ್ತಿದ್ದರೂ "ಅಲುಗಬೇಡ" ಎಂದರೆ ಅಲುಗಬಾರದು. ಏಳು ವರ್ಷ ಮುಂಬೈಯಲ್ಲಿ ಅವಳು ಅದನ್ನೇ ಮಾಡಿದ್ದಳು. ಸೀರೆ ಹಿಡಿದು ನಿಂತಳು, ಕ್ರೀಮಿನ ಡಬ್ಬಿ ಹಿಡಿದು ನಿಂತಳು, ಕುಕ್ಕರಿನ ಪಕ್ಕದಲ್ಲಿ ಯಾರದೋ ಹೆಂಡತಿಯಂತೆ ನಿಂತಳು. ದೊಡ್ಡ ಹೋಟೆಲುಗಳಲ್ಲಿ ಫ್ಯಾಶನ್ ಶೋ ನಡೆದಾಗ ನಡೆದು ತೋರಿಸಿದಳು. ಅಲ್ಲೂ ಕೊನೆಗೆ ನಿಲ್ಲುವುದೇ.

ಅವಳ ತಾಯಿ ಸಾವಿತ್ರೆವ್ವ ಅಥಣಿ ಕಡೆಯವಳು. ಗಂಡ ಸತ್ತ ಮೇಲೆ ಎಳೆಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಪ್ಪಾಣಿಗೆ ಬಂದು ವಖಾರಕ್ಕೆ ಸೇರಿದಳು. ಮರಾಠಿಯ ಗಂಧವಿಲ್ಲ. ಎದುರಿಗೆ ಜರಡಿ ಹಿಡಿದು ಕೂತಿದ್ದ ಸಕ್ಕುಬಾಯಿಗೆ ಕನ್ನಡದ ಗಂಧವಿಲ್ಲ. ಇಬ್ಬರೂ ದಿನವಿಡೀ ಒಂದೇ ರಾಶಿಯ ಎರಡು ಬದಿಗೆ ಕೂತು, ಮೊದಮೊದಲು ಕೈಸನ್ನೆಯಲ್ಲಿ ಬೈದಾಡಿ, ಆಮೇಲೆ ಒಬ್ಬರ ಮಾತು ಒಬ್ಬರು ಕಲಿತರು. ಸಕ್ಕುಬಾಯಿಯ ಬಾಯಲ್ಲಿ ಬರುವ ಕನ್ನಡವೆಲ್ಲ ಅಥಣಿಯ ಸಾವಿತ್ರೆವ್ವನ ಕನ್ನಡ, ಬೈಗುಳ ಸಮೇತ. ಮಂಗಲ ಅವಳನ್ನು ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವ ಹಾಗೆ ಮಾವಶಿ ಎಂದೇ ಕರೆದು ಬೆಳೆದಳು.

ಹುಡುಗಿ ಜೋಳದ ದಂಟಿನಂತೆ ಎತ್ತರ ಬೆಳೆದಳು. ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಇಚಲಕರಂಜಿಯ ಸೋದರಮಾವನ ಮನೆಗೆ ಹೋದಾಗ ಅಲ್ಲೊಬ್ಬ ಮಗ್ಗದ ಮಾಲಕ ತನ್ನ ಸೀರೆ ಉಡಿಸಿ ಕ್ಯಾಲೆಂಡರಿಗೆ ಫೋಟೋ ತೆಗೆಸಿದ. ಆ ಕ್ಯಾಲೆಂಡರು ಮುಂಬೈ ಮುಟ್ಟಿತು, ಅದರ ಬೆನ್ನಿಗೇ ಹುಡುಗಿಯೂ ಮುಟ್ಟಿದಳು. ಅದು ಎಂಬತ್ತೊಂದನೆಯ ಇಸವಿ. ಊರು ಬಾಯಿಗೆ ಬಂದದ್ದನ್ನೆಲ್ಲ ಆಡಿತು. ಸಾವಿತ್ರೆವ್ವ ಮುಖದ ಅರಿವೆ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು.

ನಿಪ್ಪಾಣಿಯ ಬಜಾರಿನಲ್ಲಿ ಸೀರೆ ಅಂಗಡಿಯೊಂದರ ಮುಂದೆ ಮಂಗಲಳ ಆಳೆತ್ತರದ ಕಟೌಟು ನಿಲ್ಲಿಸಿದ್ದರು. ತೋಳಿಲ್ಲದ ಬ್ಲೌಸು, ತೆಳ್ಳನೆಯ ಸೀರೆ, ಬಿಚ್ಚು ಕೂದಲು. ವಖಾರಕ್ಕೆ ಹೋಗುವ ದಾರಿ ಅದೇ. ಒಂದು ಮುಂಜಾನೆ ಸಾವಿತ್ರೆವ್ವ ನಿಂತಳು, ಹೊದ್ದಿದ್ದ ಹಳೆಯ ಚಾದರ ತೆಗೆದು ಕಟೌಟಿನ ಹೆಗಲ ಮೇಲೆ ಹೊದಿಸಿ ಗಂಟು ಹಾಕಿದಳು. ಅಂಗಡಿಯವನು ಓಡಿ ಬಂದು ಬಾಯಿ ಮಾಡಿದ. "ಅಕಿ ನನ್ನ ಮಗಳದಾಳ್ರಿ, ಥಂಡಿ ಐತಿ," ಎಂದು ಹೇಳಿ ಅವಳು ತನ್ನ ದಾರಿ ಹಿಡಿದಳು. ಈ ಸುದ್ದಿ ಮಂಗಲಳ ಕಿವಿಗೆ ಬಿದ್ದದ್ದು ತಾಯಿ ಸತ್ತ ಮೇಲೆ.

ಎಂಬತ್ತೆಂಟರಲ್ಲಿ ತಾರು ಬಂತು. ಮಂಗಲ ಬರುವಷ್ಟರಲ್ಲಿ ಹೆಣಕ್ಕೆ ನೀರು ಹಾಕುತ್ತಿದ್ದರು. ಕೊಡಗಟ್ಟಲೆ ಸುರಿದರೂ ಮೈಮೇಲಿಂದ ಇಳಿದ ನೀರು ತಿಳಿಯಾಗಲೊಲ್ಲದು, ಕೊನೆಯವರೆಗೂ ಕಂದು ಬಣ್ಣದ್ದೇ. ಆ ಘಾಟಿಗೆ ಮಂಗಲಳ ಕಣ್ಣಲ್ಲಿ ನೀರು ಬಂತು. ಅಳು ಬರುವ ಮೊದಲೇ ನೀರು ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. "ನಾವೂ ಎಲ್ಲಾರೂ ಹಿಂಗ ಬೇ, ಇದರಾಗೇನ ಐತಿ," ಎಂದಳು ಸಕ್ಕುಬಾಯಿ. ಡಾಕ್ಟರು ಹಳೆಯ ದಮ್ಮು ಎಂದು ಬರೆದುಕೊಟ್ಟಿದ್ದ. ವಖಾರದ ಸಾಹುಕಾರ ಒಂದು ಹಾರ ಕಳಿಸಿದ್ದ.

ಮಂಗಲ ತಿರುಗಿ ಮುಂಬೈಗೆ ಹೋಗಲಿಲ್ಲ. ಅಲ್ಲಿ ಕೆಲಸ ಬತ್ತಿತ್ತು, ಅದಕ್ಕೇ ಬಂದಳು ಎಂದು ಆಡಿಕೊಂಡವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಇಪ್ಪತ್ತೈದರ ಹತ್ತಿರ ಬಂದವಳಿಗೆ ಅಲ್ಲಿ ಅತ್ತೆಯ ಪಾರ್ಟು ಹುಡುಕತೊಡಗಿದ್ದರು. ಆದರೆ ಕೆಲಸ ಬತ್ತಿದವರೆಲ್ಲ ತಂಬಾಕಿನ ಹೆಂಗಸರ ಸಂಘಟನೆಗೆ ಬಂದು ಸೇರುವುದಿಲ್ಲವಲ್ಲ.

ಸಂಘಟನೆಯ ಮುಖಂಡ ಬಾಳಾಸಾಬ. ಮರಾಠಿಯಲ್ಲಿ ಒಂದು ತಾಸು ಮಾತಾಡಿದರೆ ಕಲ್ಲೂ ಎದ್ದು ಘೋಷಣೆ ಕೂಗಬೇಕು, ಅಂಥ ಭಾಷಣಕಾರ. ಆತನಿಗೆ ಮಂಗಲ ಸಿಕ್ಕದ್ದು ಬಿಟ್ಟಿ ಲಾಟರಿ ಸಿಕ್ಕಂತೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಸಭೆ ಇಟ್ಟರೂ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ಮುಂಬೈ ಮಾಡೆಲ್ ಮಂಗಲ' ಎಂದು ಅಚ್ಚು ಹಾಕಿಸುತ್ತಿದ್ದ. ಜನ ಕಿಕ್ಕಿರಿದು ಬರುತ್ತಿದ್ದರು. ಉಗಾರ ಖುರ್ದದಲ್ಲಿ ಕಬ್ಬಿನ ಗಾಡಿಯವರು ರಸ್ತೆಯಲ್ಲೇ ಎತ್ತು ನಿಲ್ಲಿಸಿ ಕಾರ್ಖಾನೆಯ ದಾರಿ ಕಟ್ಟಿಸಿಬಿಟ್ಟರು. ಬಂದವರೆಲ್ಲ ನೋಡುವವರು. ಕೇಳುವವನು ಒಬ್ಬನಿಲ್ಲ. ಕಾಗವಾಡದಲ್ಲಿ ಅವಳು ತಾಯಿಯ ಹೆಣದಿಂದ ಇಳಿದ ಕಂದು ನೀರಿನ ಕಥೆಯನ್ನು ಹೇಳಿ ಇಳಿದು ಬಂದರೆ, ಮೀಸೆ ಬಲಿತ ಗೃಹಸ್ಥನೊಬ್ಬ ಭಕ್ತಿಯಿಂದ ಕೈಮುಗಿದು, "ಬಾಯಾರ, ಆ ಕುಕ್ಕರ್ ಖರೇನ ಚಲೋ ಐತೇನ್ರಿ?" ಎಂದು ಕೇಳಿದ.

ಆ ದಿನವೇ ಅವಳು ಪುಸ್ತಕ ಬರೆಯುವುದೆಂದು ಗಟ್ಟಿ ಮಾಡಿದಳು. ಕಾಗದದ ಮೇಲೆ ಮುಖ ಕಾಣಿಸುವುದಿಲ್ಲ, ಸೊಂಟ ಕಾಣಿಸುವುದಿಲ್ಲ. ಓದುವವನು ಮಾತನ್ನೇ ಓದಬೇಕು, ಬೇರೆ ದಾರಿಯಿಲ್ಲ ಎಂದುಕೊಂಡಳು. ಪಾಪ, ಎಷ್ಟು ನಂಬಿಕೆ!

ರವಿವಾರಗಳಂದು ಸಕ್ಕುಬಾಯಿಯ ಅಂಗಳದಲ್ಲಿ ಕೂತು ಬರೆದಳು. ಸಕ್ಕುಬಾಯಿ ಹೇಳುತ್ತ ಹೋದಳು. ದೂಳು ಬಿದ್ದ ಎದೆಹಾಲನ್ನು ಕೂಸು ಬಾಯಿಗೆ ಹಚ್ಚದೆ ಮುಖ ತಿರುಗಿಸಿದ್ದು, ವಖಾರದಲ್ಲೇ ಬಸಿರು ಇಳಿದ ಕೆಂಚವ್ವ ಮರುದಿನ ಜರಡಿಗೆ ಬಂದದ್ದು, ಗಂಡ ಹತ್ತಿರ ಬಂದವನು ಘಾಟಿಗೆ ಸೀನುತ್ತ ಎದ್ದು ಹೋಗಿದ್ದು. ಇದನ್ನು ಹೇಳಿ ಸಕ್ಕುಬಾಯಿ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಿಂತ ಮೇಲೆ ಹೇಳಿದಳು:

"ನನಗ ರೊಕ್ಕಾ ಬ್ಯಾಡ, ದವಾಖಾನಿನೂ ಬ್ಯಾಡ ಬೇ ಪೋರಿ. ಸರಕಾರದಾಂವ ಯಾಂವರೆ ಒಬ್ಬ ಬರಲಿ. ನಾವು ಜರಡಿ ಹಿಡದಾಗ ಒಳಗ ಬಂದು ಒಂದು ಕಪ್ ಚಾ ಕುಡಿಯೂತನಾ ನಿಂದರಲಿ. ಸಾಕ. ಮುಂದಿಂದು ಅವನ ಎದಿನ ಅವಗ ಹೇಳತೈತಿ."

ಮಂಗಲ ಅದನ್ನು ಪುಸ್ತಕದ ಕೊನೆಯ ಮಾತಾಗಿ ಬರೆದಳು. ಬರೆದದ್ದಷ್ಟೇ ಅಲ್ಲ, ಅದನ್ನು ಮಾಡಿಸಿಯೇ ತೀರುವೆನೆಂದು ಮಾವಶಿಯ ಕೈ ಮೇಲೆ ಕೈಯಿಟ್ಟು ಹೇಳಿದಳು. ತಾಯಿಗೆ ಏನೂ ಮಾಡಲಾಗದವಳಿಗೆ ಇದೊಂದು ಉಳಿದಿತ್ತು.

ಪುಸ್ತಕ ಧಾರವಾಡದಲ್ಲಿ ಅಚ್ಚಾಗಿ ತೊಂಬತ್ಮೂರರ ಮಳೆಗಾಲಕ್ಕೆ ಹೊರಬಂತು. ಅವಳು ಕಲಿತದ್ದು ಕನ್ನಡ ಶಾಲೆ, ಓದಬೇಕಾದವರು ಬೆಂಗಳೂರಿನ ಸರಕಾರದವರು, ಹಾಗಾಗಿ ಕನ್ನಡದಲ್ಲಿ ಬರೆದಿದ್ದಳು. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನೀವು ನಿಪ್ಪಾಣಿಯವರಲ್ಲ. ಅಲ್ಲಿ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿದೆ ಎಂಬುದಕ್ಕೆ ಅಂಗಡಿಗಿಂತ ಹೆಚ್ಚು ಬೆಲೆ. ಮರಾಠಿ ಪೇಟೆಯಲ್ಲಿ ಗುಲ್ಲೆದ್ದಿತು: ನಮ್ಮ ಹೆಂಗಸರ ಗೋಳನ್ನು ಕಾನಡಿಯಲ್ಲಿ ಬರೆದು ನಮ್ಮ ಊರಿನ ಮಾನ ಕಳೆದಳು. ಪುಸ್ತಕದ ಒಂದು ಪುಟವನ್ನೂ ಓದದೆ ಒಂದು ಕಟ್ಟು ಸುಟ್ಟರು. ಬಾಳಾಸಾಬ ಮುಖ ಗಂಟು ಹಾಕಿಕೊಂಡ. "ಮರಾಠಿ ಒಳಗ ಬರೀಬೇಕಿತ್ತು ಮಂಗಲಾತಾಯಿ, ನನಗೊಂದು ಮಾತು ಕೇಳಬೇಕಿತ್ತು," ಎಂದ. ಇತ್ತ ಚಿಕ್ಕೋಡಿಯ ಕನ್ನಡದವರು ಅದೇ ಪುಸ್ತಕವನ್ನು ಪಲ್ಲಕ್ಕಿಯಲ್ಲಿಟ್ಟು ಮೆರೆಸಿದರು. ಅವರೂ ಓದಿರಲಿಲ್ಲ. ಬೆಂಗಳೂರಿನ ಪತ್ರಿಕೆಯೊಂದು ಅರ್ಧ ಪುಟ ಬರೆಯಿತು, ಗ್ಲಾಮರ್ ಲೋಕ ಬಿಟ್ಟು ಬಂದ ಚೆಲುವೆಯ ತ್ಯಾಗದ ಬಗ್ಗೆ, ಜೊತೆಗೆ ಹಳೆಯ ಕ್ರೀಮಿನ ಫೋಟೋ. ದೂಳಿನ ಬಗ್ಗೆ ಒಂದು ಸಾಲಿರಲಿಲ್ಲ.

ಅಕ್ಟೋಬರಿನಲ್ಲಿ ಚಿಕ್ಕೋಡಿಯಿಂದ ಪಾರಿಸಣ್ಣ ಬಂದ. ರಸಗೊಬ್ಬರದ ವ್ಯಾಪಾರಿ, ರಾಜ್ಯೋತ್ಸವ ಸಮಿತಿಯ ಅಧ್ಯಕ್ಷ, ಕೈತುಂಬ ಉಂಗುರ. ನವೆಂಬರ್ ಒಂದಕ್ಕೆ ಚಿಕ್ಕೋಡಿಗೆ ಬೆಂಗಳೂರಿನಿಂದ ಮಂತ್ರಿಯೊಬ್ಬರು ಬರುತ್ತಾರೆ ಎಂದ. ಮಂಗಲಳ ಜೀವ ಒಮ್ಮೆಲೇ ಎದ್ದು ಕೂತಿತು.

"ಅವರನ್ನ ನಿಪ್ಪಾಣಿಗೆ, ವಖಾರದೊಳಗ ಕರಕೊಂಡ ಬರಾಕ ಆಗತೈತೇನ್ರಿ?"

"ಯಾಕ ಆಗೂದಿಲ್ರಿ? ನಾ ಹೇಳಿದ್ರ ಮುಗೀತು." ಪಾರಿಸಣ್ಣ ಚಹಾ ಬಸಿಯಲ್ಲಿ ಸುರಿದುಕೊಂಡು ಸೊರ್ರೆಂದು ಕುಡಿದ. "ಆದ್ರ ನಮ್ಮದೂ ಒಂದು ಸಣ್ಣ ಕೆಲಸ ಐತ್ರಿ. ಮೆರವಣಿಗ್ಯಾಗ ಟ್ರ್ಯಾಕ್ಟರ್ ಮ್ಯಾಲೆ ತಾಯಿ ಭುವನೇಶ್ವರಿ ನಿಂದರಸ್ತೀವಿ. ವರ್ಷಾ ಯಾರನರೆ ನಿಂದರಸ್ತೀವ್ರಿ, ಅರ್ಧಾ ದಾರ್‍ಯಾಗ ಕಾಲು ನೋಯ್ತಾವ ಅಂತ ಕುಂತಬಿಡ್ತಾವು. ನೀವಾದ್ರ ನಿಂದರೂದು ಕಲತಾವ್ರು."

ಮಂಗಲಳ ಮೈಯೆಲ್ಲ ಉರಿಯಿತು. ಐದು ವರ್ಷ ಗಂಟಲು ಹರಿದುಕೊಂಡು, ಒಂದು ಪುಸ್ತಕ ಬರೆದು, ಕೊನೆಗೆ ಬಂದು ಮುಟ್ಟಿದ್ದು ಇಲ್ಲಿಗೇ! ಎದ್ದು ಹೋಗಿ ಎಂದು ಹೇಳಬೇಕೆಂದು ಬಾಯಿ ತೆರೆದಳು. ಮನಸ್ಸಿನೊಳಗೆ ಸಕ್ಕುಬಾಯಿಯ ಕೆಮ್ಮು ಕೇಳಿದಂತಾಯಿತು. ನೂರು ಸಲ ಯಾರುಯಾರದೋ ಕುಕ್ಕರಿಗಾಗಿ ನಿಂತಿದ್ದೇನೆ, ಮಾವಶಿಗಾಗಿ ಒಂದು ಸಲ ನಿಂತರೆ ಏನು ಸವೆಯುತ್ತದೆ ಎಂದುಕೊಂಡಳು.

"ಚಿಕ್ಕೋಡ್ಯಾಗ ಅಷ್ಟ ಹೌದಲ್ರಿ?"

"ಚಿಕ್ಕೋಡ್ಯಾಗ ಅಷ್ಟರಿ. ಅಲ್ಲಿಂದ ಇಳದು ನೀವು ಮಂತ್ರಿಗೋಳ ಗಾಡ್ಯಾಗನ ನಿಪ್ಪಾಣಿಗೆ ಬರ್ರಿ."

ಇನ್ನೊಂದು ತೊಡಕಿತ್ತು. ಚಿಕ್ಕೋಡಿಗೆ ಹಬ್ಬವಾದ ನವೆಂಬರ್ ಒಂದು ನಿಪ್ಪಾಣಿಯ ಮರಾಠಿಗರಿಗೆ ಕರಾಳ ದಿನ. ಅಂಗಡಿ ಮುಚ್ಚುತ್ತವೆ, ಕಪ್ಪು ಬಾವುಟ ಏರುತ್ತವೆ, ವಖಾರಗಳೂ ಬಂದ್. ಮಂತ್ರಿ ಬಂದು ನೋಡುವುದಾದರೆ ಆ ದಿನ ಹೆಂಗಸರು ಒಳಗಿರಬೇಕು, ಜರಡಿ ಆಡಬೇಕು, ದೂಳು ಏಳಬೇಕು. ಮಂಗಲ ಸಕ್ಕುಬಾಯಿಯ ಹತ್ತಿರ ಹೋದಳು. ಟ್ರ್ಯಾಕ್ಟರಿನ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಅದನ್ನು ಯಾಕೆ ಬಿಟ್ಟಳು? ಹೇಳಿದರೆ ಮಾವಶಿ ನಗಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ನಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಕ್ಕುಬಾಯಿಯ ಮಗ ಸಂಭಾ ಆ ಓಣಿಯ ಮರಾಠಿ ಹುಡುಗರ ಮುಂದಾಳು. ಕಪ್ಪು ಬಾವುಟಗಳೆಲ್ಲ ಅವಳ ಮನೆಯ ಹೊಲಿಗೆ ಯಂತ್ರದಲ್ಲೇ ತಯಾರಾಗುತ್ತಿದ್ದವು.

"ಮಂತ್ರಿ ಒಳಗ ಬರತಾನ?"

"ಬರತಾನ ಮಾವಶಿ. ನನ್ನ ಜೋಡೀನ ಬರತಾನ."

"ಹಂಗಾರ ನಾ ಹೆಂಗಸರನ್ನ ಕರಕೊಂಡು ಹೋಗ್ತೀನಿ. ದೂಳಿಗೇನು ಮರಾಠಿ ತಿಳಿತೈತೋ, ಕನ್ನಡ ತಿಳಿತೈತೋ."

ಹೇಳಿದಂತೆ ಮನೆಮನೆ ತಿರುಗಿ ಹೆಂಗಸರನ್ನು ಒಪ್ಪಿಸಿದಳು. ಗಂಡಂದಿರು ಕೂಗಾಡಿದರು. ಸಾಹುಕಾರನಿಗೆ ಒಳಗೊಳಗೆ ನಗು. ಬಂದ್ ದಿನ ಪುಗಸಟ್ಟೆ ಕೆಲಸ ನಡೆದರೆ ಯಾವ ಸಾಹುಕಾರ ಬೇಡ ಎಂದಾನು? ಮಂತ್ರಿಯ ವಿಷಯ ಅವನಿಗಿನ್ನೂ ತಿಳಿದಿರಲಿಲ್ಲ. ಹಿಂದಿನ ಸಂಜೆ ಸಂಭಾ ತಾಯಿಯ ಮುಂದೆ ನಿಂತು ಹೇಳಿದ: ನಾಳೆ ವಖಾರದ ಹೊಸ್ತಿಲು ದಾಟಿದರೆ ಈ ಮನೆಯ ಹೊಸ್ತಿಲು ದಾಟಬೇಡ. ಸಕ್ಕುಬಾಯಿ ಬೆಳಗ್ಗೆ ಎದ್ದು ರೊಟ್ಟಿ ಬಡಿದಿಟ್ಟು, ಮುಖಕ್ಕೆ ಅರಿವೆ ಕಟ್ಟಿಕೊಂಡು, ಎರಡನೆಯ ಸೀರೆಯನ್ನು ಗಂಟಿನಲ್ಲಿ ಹಿಡಿದುಕೊಂಡು ಹೊರಟಳು.

ಚಿಕ್ಕೋಡಿಯಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಮಂಗಲಳಿಗೆ ಹಸಿರು ರೇಷ್ಮೆ ಸೀರೆ ಉಡಿಸಿ, ತಲೆಗೆ ರಟ್ಟಿನ ಮೇಲೆ ಚಿನ್ನದ ಕಾಗದ ಅಂಟಿಸಿದ ಕಿರೀಟ ಕಟ್ಟಿ, ಕೈಯಲ್ಲಿ ಬಾವುಟ ಕೊಟ್ಟು ಟ್ರೇಲರಿನ ಮೇಲೆ ಹತ್ತಿಸಿದರು. ಅವಳು ನಿಂತಳು. ಆ ನಿಲುವನ್ನು ಕಂಡು ಮುದುಕರು ಕೈಮುಗಿದರು, ಹುಡುಗರು ಸಿಳ್ಳೆ ಹಾಕಿದರು. ಮೂಲೆಮೂಲೆಗೂ ನಿಂತು, ಭಾಷಣ ಕೇಳಿ, ಆರತಿ ಮಾಡಿಸಿಕೊಂಡು ಮೆರವಣಿಗೆ ಊರ ಅಂಚಿಗೆ ಬಂತು. ಇಲ್ಲಿ ಇಳಿಯಬೇಕು. ಟ್ರ್ಯಾಕ್ಟರು ನಿಲ್ಲಲಿಲ್ಲ, ನಿಪ್ಪಾಣಿಯ ರಸ್ತೆಗೆ ತಿರುಗಿತು.

"ಪಾರಿಸಣ್ಣಾ, ಎಲ್ಲಿಗ್ರಿ?" ಎಂದು ಅವಳು ಕೂಗಿದಳು.

ಪಾರಿಸಣ್ಣ ಮೋಟರ್ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದ. ಮುಖದಲ್ಲಿ ಗೆದ್ದವನ ಕಳೆ. "ತಾಯಿ ಭುವನೇಶ್ವರಿ ನಿಪ್ಪಾಣಿಗೆ ಹೋಗಬೇಕಂತ ಎಲ್ಲಾರೂ ಹಟಾ ಹಿಡದಾರ್ರಿ. ಇಷ್ಟ ವರ್ಷದಾಗ ಯಾರೂ ಈ ಧೈರ್ಯಾ ಮಾಡಿಲ್ಲ!"

"ನನಗಿದು ಬ್ಯಾಡ್ರಿ. ನಾ ಇಳೀತೀನಿ."

"ಹಿಂದ ನೋಡ್ರಿ. ಮಂತ್ರಿಗೋಳ ಗಾಡಿ ನಿಮ್ಮ ಬೆನ್ನ ಹತ್ತೈತಿ. ನೀವು ಇಳದ್ರ ಮೆರವಣಿಗಿ ಮುರೀತು. ಮುರದ್ರ ಅವರು ಇಲ್ಲಿಂದನ ಬೆಳಗಾವಿಗೆ ಹೋಗ್ತಾರ. ವಿಚಾರ ಮಾಡ್ರಿ."

ಅವಳು ವಿಚಾರ ಮಾಡಿದಳು. ದಾರಿಯುದ್ದಕ್ಕೂ ಮಾಡಿದಳು. ಟ್ರ್ಯಾಕ್ಟರು ನಿಧಾನಕ್ಕೆ ಹೋಗುತ್ತಿತ್ತು, ಯಾವ ಕ್ಷಣದಲ್ಲಾದರೂ ಕೆಳಗೆ ಹಾರಬಹುದಿತ್ತು. ಹಾರಿದರೆ ವಖಾರದಲ್ಲಿ ಕಾದು ಕೂತ ಹೆಂಗಸರಿಗೆ ಏನು ಹೇಳುವುದು? ಗಂಡಂದಿರ ಕೈಲಿ ಬೈಸಿಕೊಂಡು ಬಂದಿದ್ದಾರೆ. ಮಾವಶಿ ಮಗನನ್ನೇ ಎದುರು ಹಾಕಿಕೊಂಡಿದ್ದಾಳೆ. ಮಂತ್ರಿ ಒಳಗೆ ಕಾಲಿಟ್ಟರೆ ಎಲ್ಲ ತೊಳೆದುಹೋಗುತ್ತದೆ, ಮಿಕ್ಕದ್ದನ್ನು ಕಾಲು ಹಿಡಿದಾದರೂ ತಿಳಿಸಿ ಹೇಳುತ್ತೇನೆ. ಹೀಗೆಂದುಕೊಂಡು ಅವಳು ಹಲ್ಲು ಕಚ್ಚಿ ನಿಂತಳು.

ನಿಪ್ಪಾಣಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮನೆಗಳ ಮೇಲೆ ಕಪ್ಪು ಬಾವುಟ. ಮೊದಲು ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಕೂಗು ಎದ್ದಿತು. ಪೊಲೀಸರು ಎರಡೂ ಕಡೆ ಲಾಠಿ ಅಡ್ಡ ಹಿಡಿದು ದಾರಿ ಬಿಡಿಸಿದರು. ಒಂದು ಚಪ್ಪಲಿ ಹಾರಿ ಬಂದು ಕಿರೀಟಕ್ಕೆ ಬಡಿಯಿತು, ಕಿರೀಟ ಒಂದು ಬದಿಗೆ ವಾಲಿತು. ಅವಳು ಅಲುಗಲಿಲ್ಲ. ಏಳು ವರ್ಷದ ಅಭ್ಯಾಸ, ಬೇಕೆಂದರೂ ಮೈ ಅಲುಗಲೊಲ್ಲದು. ಕೆಳಗಿದ್ದವರ ಕಣ್ಣಿಗೆ ಅದು ಸೊಕ್ಕಾಗಿ ಕಂಡಿತು.

ಗದ್ದಲ ಕೇಳಿ ವಖಾರದ ಹೆಂಗಸರು ಬಾಗಿಲಿಗೆ ಬಂದಿದ್ದರು. ಮೈಯೆಲ್ಲ ತಂಬಾಕಿನ ದೂಳು, ಕಣ್ಣು ಮಾತ್ರ ಕಾಣುವಂತೆ ಅರಿವೆ. ಎದುರಿಗೆ ಟ್ರ್ಯಾಕ್ಟರು ಬಂದು ನಿಂತಿತು. ಕೆಂಪವ್ವ ಎಂಬ ಕನ್ನಡದವಳೇ ಮೊದಲು ಮುಖದ ಅರಿವೆ ಬಿಚ್ಚಿ, "ಇದಕ್ಕೇನ ನಮ್ಮನ್ನ ಗಂಡನ ಮುಂದ ಕೆಟ್ಟಾಕಿನ್ನ ಮಾಡಿದ್ದು?" ಎಂದು ಸಕ್ಕುಬಾಯಿಯ ಕಾಲ ಬಳಿ ಉಗುಳಿ ನಡೆದಳು. ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಮೂಲೆಯಲ್ಲಿ ಕಪ್ಪು ಬಾವುಟ ಹಿಡಿದು ನಿಂತಿದ್ದ ಸಂಭಾ ತಾಯಿಯನ್ನು ನೋಡಿ ನಕ್ಕ. ಸಕ್ಕುಬಾಯಿ ಟ್ರ್ಯಾಕ್ಟರಿನ ಮೇಲಿದ್ದವಳನ್ನು ಕಿರೀಟದಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ತಿರುಗಿ ಒಳಗೆ ಹೋದಳು.

ಮಂಗಲ ಕಿರೀಟ ಕಿತ್ತೊಗೆದು ಇಳಿದು ಓಡುವಷ್ಟರಲ್ಲಿ ಸಾಹುಕಾರನಿಗೆ ಎಲ್ಲ ತಿಳಿದಿತ್ತು. ಅವನ ಆಳುಗಳು ನೆಲಕ್ಕೆ ನೀರು ಚಿಮುಕಿಸಿ, ಹಿಂಬಾಗಿಲು ತೆರೆದು ಗಾಳಿ ಆಡಿಸಿದ್ದರು. ಮಂತ್ರಿ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹೊಸ್ತಿಲು ದಾಟಿದರು. ಒಳಗೆ ಬಂದು ಒಮ್ಮೆ ಉಸಿರೆಳೆದು ನೋಡಿ ಕರ್ಚೀಫು ಮಡಚಿ ಜೇಬಿಗೆ ಹಾಕಿಕೊಂಡರು.

"ಎಲ್ಲಮ್ಮಾ ದೂಳು?"

"ಇವತ್ತ ಹೆಂಗಸರು ಎದ್ದ ಹೋದ್ರ ಸರ್. ಕೆಲಸ ನಡದಾಗ ನೀವು ನೋಡಬೇಕ್ರಿ, ಅರ್ಧಾ ತಾಸು ಮೊದಲ ಬಂದಿದ್ರ..." ಮಂಗಲಳ ಮಾತು ತೊದಲಿತು. ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು.

ಸಾಹುಕಾರ ಕೈಮುಗಿದು, "ಪುಸ್ತಕದಾಗ ಸ್ವಲ್ಪ ಮಸಾಲಿ ಇರತೈತ್ರಿ ಸಾಹೇಬ್ರ, ಅವರದೂ ಹೊಟ್ಟಿಪಾಡು," ಎಂದ. ಜೊತೆಗಿದ್ದವರು ನಕ್ಕರು. ಮಂತ್ರಿಗೆ ಚಹಾ ಬಂತು. ಅವರು ನಿಂತುಕೊಂಡೇ ಕುಡಿದರು.

ಆ ದೊಡ್ಡ ಉಗ್ರಾಣದ ನಡುವೆ ರಾಶಿಯ ಮುಂದೆ ಸಕ್ಕುಬಾಯಿ ಒಬ್ಬಳೇ ಕೂತಿದ್ದಳು. ಜರಡಿ ಮಡಿಲಲ್ಲಿತ್ತು, ಸೀರೆಯ ಗಂಟು ಪಕ್ಕದಲ್ಲಿತ್ತು.

"ಸರ್, ಇವರರಿ. ಪುಸ್ತಕದಾಗಿನ ಮಾತೆಲ್ಲಾ ಇವರದ ಸರ್. ನೀವ ಕೇಳ್ರಿ," ಎಂದಳು ಮಂಗಲ. ಅವಳ ದನಿ ಬೇಡಿಕೊಳ್ಳುತ್ತಿತ್ತು, ಆದರೆ ಮಂತ್ರಿಯನ್ನಲ್ಲ.

ಮಂತ್ರಿ ಬಗ್ಗಿದರು. "ಏನಮ್ಮಾ ತಾಯಿ, ಈಯಮ್ಮ ಬರೆದಿರೋದೆಲ್ಲ ನಿಜಾನಾ? ಇಲ್ಲಿ ನಿಮಗೆ ತೊಂದರೆ ಇದೆಯಾ? ಹೆದರಬೇಡ, ನಾನಿದ್ದೀನಿ, ಹೇಳು."

ಸಕ್ಕುಬಾಯಿ ಮೇಲೆ ನೋಡಿದಳು. ಮಂತ್ರಿಯನ್ನು ನೋಡಿದಳು, ಸಾಹುಕಾರನನ್ನು ನೋಡಿದಳು, ಬಣ್ಣ ಕದಡಿದ ಮುಖವನ್ನು ನೋಡಿದಳು. ಮುಖದ ಅರಿವೆಯನ್ನು ಗಲ್ಲದ ಕೆಳಗೆ ಸರಿಸಿದಳು.

"ಮಲಾ ಕಾನಡಿ ಯೇತ ನಾಹೀ," ಎಂದಳು.

"ಏನಂತಾರಮ್ಮ?" ಮಂತ್ರಿ ಮಂಗಲಳ ಕಡೆ ತಿರುಗಿದರು.

ಇವಳಿಗೆ ಕನ್ನಡ ಬರುತ್ತದೆ, ನನ್ನ ತಾಯಿ ಕಲಿಸಿದ ಕನ್ನಡ, ಒಂದು ಇಡೀ ಪುಸ್ತಕದಷ್ಟು ಕನ್ನಡ ಬರುತ್ತದೆ ಎಂದು ಮಂಗಲ ಕಿರುಚಬಹುದಿತ್ತು. ಕಿರುಚಿದರೆ ಅಷ್ಟು ಜನರ ಮುಂದೆ ಮಾವಶಿ ಸುಳ್ಳಿಯಾಗುತ್ತಾಳೆ. ಇವತ್ತು ಅವಳಿಂದ ಕಿತ್ತುಕೊಂಡದ್ದೇ ಸಾಕಷ್ಟಿತ್ತು. ಹೌದಂತೆ, ಎಲ್ಲ ನಿಜವಂತೆ ಎಂದು ತಿರುಚಿ ಹೇಳಬಹುದಿತ್ತು. ಆದರೆ ಸುತ್ತ ನಿಂತವರಲ್ಲಿ ಮರಾಠಿ ಬಾರದವರು ಮಂತ್ರಿ ಒಬ್ಬರೇ, ಉಳಿದವರು ಸುಳ್ಳನ್ನು ಅಲ್ಲೇ ಹಿಡಿಯುತ್ತಿದ್ದರು.

"ಕನ್ನಡ ಬರೂದಿಲ್ಲ ಅಂತಾರ್ರಿ," ಎಂದಳು.

ಮಂತ್ರಿ ನೆಟ್ಟಗೆ ನಿಂತರು. ನಿಜವಾಗಿಯೂ ನೊಂದವರಂತೆ ತಲೆಯಾಡಿಸಿದರು. "ನೋಡಿದ್ರಾ? ಕರ್ನಾಟಕದ ಅನ್ನ ತಿಂದು, ಇಷ್ಟು ವಯಸ್ಸಾದರೂ ಒಂದಕ್ಷರ ಕನ್ನಡ ಬರೋಲ್ಲ! ಇದಕ್ಕಿಂತ ದೊಡ್ಡ ರೋಗ ಯಾವುದಿದೆ ಹೇಳಿ? ಮಂಗಲಾ ಅವರೇ, ನಿಮ್ಮ ಮುಂದಿನ ಪುಸ್ತಕ ಇದರ ಮೇಲೆ ಬರಲಿ. ಸರಕಾರದಿಂದಲೇ ಅಚ್ಚು ಹಾಕಿಸೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಾರಿಸಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮಂತ್ರಿ ಗಡಿಯಾರ ನೋಡಿ ಹೊರಟರು, ಸಾಹುಕಾರ ಅವರ ಹಿಂದೆ, ಉಳಿದವರು ಸಾಹುಕಾರನ ಹಿಂದೆ. ಹೊರಗೆ ಗಾಡಿಗಳ ಬಾಗಿಲು ಒಂದಾದ ಮೇಲೊಂದು ಮುಚ್ಚಿಕೊಂಡವು.

ಮಂಗಲ ನೆಲಕ್ಕೆ ಕುಸಿದು ಕೂತಳು, ರಾಶಿಯ ಈಚೆ ಬದಿಗೆ.

"ಮಾವಶಿ," ಎಂದಳು.

ಸಕ್ಕುಬಾಯಿ ಮುಖದ ಅರಿವೆ ಮೇಲಕ್ಕೆಳೆದು ಬಿಗಿಯಾಗಿ ಕಟ್ಟಿಕೊಂಡಳು. ಬುಟ್ಟಿಯಿಂದ ತಂಬಾಕು ತುಂಬಿಕೊಂಡು ಜರಡಿ ಎತ್ತಿದಳು.

"ಹೊರಗ ನಡೀರಿ ಬಾಯಾರ," ಎಂದಳು, ಅಚ್ಚ ಅಥಣಿಯ ಕನ್ನಡದಲ್ಲಿ. "ಸೀರಿ ಹೊಲಸಾಗತೈತಿ."